ಉಡುದಾರದ ಕೆಳಗೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ತವರಿನಲ್ಲೂ ಹೇಳುತ್ತಿದ್ದರು, ಇಲ್ಲಿ ಮಧುಗಿರಿಯಲ್ಲೂ ಹೇಳುತ್ತಾರೆ. ಹೇಳಲಿ. ತುರಿಕೆಯ ಹುಳುಕಡ್ಡಿ ಹತ್ತಿದ ಮನೆಯಲ್ಲಿ ಒಂದು ಬೇಸಿಗೆ ಕಳೆದು ನೋಡಿದ್ದರೆ ಅವರಿಗೂ ಬರುತ್ತಿತ್ತು.

ಅದು ಮೊದಲು ಕಂಡದ್ದು ನನ್ನ ಗಂಡನ ಮೈಮೇಲೆ. ಪಾವಗಡದ ಕಡೆ ಓಡುವ ಖಾಸಗಿ ಬಸ್ಸಿನ ಡ್ರೈವರ್ ಅವರು. ಇಂಜಿನ್ನಿನ ಪಕ್ಕದ ಸೀಟು, ಹೊರಗೆ ಆ ಸೀಮೆಯ ಬಿಸಿಲು. ಸಂಜೆ ಅಂಗಿ ಬಿಚ್ಚಿದರೆ ಸೊಂಟದ ಉಡುದಾರ ಹಿಂಡಿದರೆ ನೀರು ಬರುವಷ್ಟು ಒದ್ದೆ. ಆ ಕರಿದಾರದ ಉದ್ದಕ್ಕೂ ಕೆಂಪಗೆ ಬಳೆ ಬಳೆಯಾಗಿ ಎದ್ದಿತ್ತು. ಬಸ್ ಸ್ಟ್ಯಾಂಡಿನ ಮೆಡಿಕಲ್ ಅಂಗಡಿಯವನು ನೋಡುವ ಗೋಜಿಗೂ ಹೋಗದೆ ಒಂದು ಟ್ಯೂಬ್ ತೆಗೆದುಕೊಟ್ಟ. "ಹಚ್ಚಣ್ಣ, ನಾಳೆನೇ ತುರಿಕೆ ನಿಂತೋಯ್ತದೆ" ಅಂದನಂತೆ.

ನಿಂತೇಹೋಯಿತು. ಅದೇ ಆ ಟ್ಯೂಬಿನ ಮೋಸ. ಹಚ್ಚುವುದು ಬಿಟ್ಟ ಕೂಡಲೇ ಬಳೆಗಳು ಇನ್ನೂ ಅಗಲವಾಗಿ ಬಂದವು, ಮತ್ತೊಂದು ಟ್ಯೂಬ್ ಬಂತು. ಆಮೇಲೆ ನನಗೆ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ. ಉಪ್ಪಿನಕಾಯಿ ಭರಣಿಯ ಹಾಗೆ ಯಾರು ಬೇಕಾದರೂ ಕೈಹಾಕಲೆಂದು ಟ್ಯೂಬನ್ನು ಬಚ್ಚಲಮನೆಯ ಕಿಟಕಿಯಲ್ಲಿ ಇಟ್ಟಿದ್ದರು. ಎರಡು ದಿನ ಇರಲು ಬಂದ ಕೊರಟಗೆರೆಯ ನಾದಿನಿ, "ನಮ್ಮನೇಲೂ ಎಲ್ರಿಗೂ ಐತೆ ಅತ್ಗೆ" ಎಂದು ಒಂದನ್ನು ಚೀಲಕ್ಕೆ ಹಾಕಿಕೊಂಡೇ ಹೋದಳು.

ಕೊನೆಗೆ ಗಲಾಟೆ ಮಾಡಿ ಇವರನ್ನು ಶಿರಾದ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ಅದನ್ನು ಕಸದ ಬುಟ್ಟಿಗೆ ಎಸೆದರು. "ಇದರಲ್ಲಿ ಫಂಗಸ್ಸಿಗೆ ಔಷಧಿ ಇದೆ, ಜೊತೆಗೆ ಜೋರಾದ ಸ್ಟೀರಾಯ್ಡೂ ಇದೆ. ತುರಿಕೆ ಅಡಗುತ್ತೆ, ರೋಗ ಒಳಗೇ ಬೆಳೆಯುತ್ತೆ" ಅಂದರು. ಇವರಿಗೆ ಮಾತ್ರೆ ಮತ್ತು ಮುಲಾಮು, ಹಾಲುಣಿಸುವ ನನಗೆ ಬರೀ ಮುಲಾಮು ಬರೆದುಕೊಟ್ಟರು. ಕಲೆ ಹೋಯಿತೆಂದು ತಾವೇ ನಿಲ್ಲಿಸಬಾರದು. ಟವೆಲ್ ಬೇರೆ ಬೇರೆ ಇರಬೇಕು, ಬಟ್ಟೆ ಬಿಸಿಲಿಗೇ ಒಣಗಬೇಕು. ಮನೆಯಲ್ಲಿ ಇನ್ನಾರಿಗಾದರೂ ಇದ್ದರೆ ಅವರನ್ನೂ ಕರೆತರಬೇಕು. "ಮೊದಲು ಆ ದಾರ ತೆಗೀರಿ" ಎಂದರು.

ದಾರ! ಮನೆಗೆ ಬಂದು ಹೇಳಿದರೆ ನಮ್ಮತ್ತೆ ಅಂಗಳದಲ್ಲೇ ನಿಂತುಬಿಟ್ಟರು. "ಉಡುದಾರ ಯಾವಾಗ ಕೀಳೋದು ಅಂತ ಗೊತ್ತೇನವ್ವ ನಿಂಗೆ? ಹೆಣ ಎತ್ತೋವಾಗ. ನನ್ ಮಗ ಬದುಕವ್ನೆ ಕಣಮ್ಮ."

ಇವರು ಅಮ್ಮನಿಗೂ ಬೇಜಾರಾಗಬಾರದು, ಡಾಕ್ಟರ ಮಾತೂ ಮೀರಬಾರದು ಎಂದು ಉಪಾಯ ಹೂಡಿದರು. ನಮ್ಮಲ್ಲಿ ದಾರ ಹಳತಾದರೆ ಮೊದಲು ಹೊಸದನ್ನು ಕಟ್ಟಿ ಆಮೇಲೆ ಹಳೆಯದನ್ನು ಕತ್ತರಿಸುತ್ತಾರೆ, ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಹಾಗೇ ಮಾಡಿದರು. "ಬದಲಾಯ್ಸಿದ್ದೀನಲ್ಲ, ಸುಮ್ಕಿರೇ" ಅಂದರು. ಹೊಸ ದಾರ ಅವತ್ತೇ ಸಂಜೆ ಬೆವರಿನಲ್ಲಿ ನೆನೆದು ಬಂತು. ಕಲೆ ಮಾಸಿದ ಕೂಡಲೇ ಮಾತ್ರೆಯನ್ನೂ ನಿಲ್ಲಿಸಿದರು. ನಾನು ಕೂಗಾಡಿದ್ದಕ್ಕೆ ಊಟ ಬಿಟ್ಟು ಎದ್ದುಹೋದರು, ಅನ್ಯಾಯವಾದದ್ದು ತಮಗೇ ಎಂಬಂತೆ.

"ನಿಮಗೇನಾದ್ರೂ ಐತಾ ಅತ್ತೆ?" ಎಂದು ಕೇಳಿದ್ದೆ. "ನಂಗೇನ್ ಬತ್ತದೆ ಬುಡು" ಎಂದು ಸೆರಗು ಸರಿಮಾಡಿಕೊಂಡಿದ್ದರು.

ನನ್ನ ಮಗು ಆಗಿನ್ನೂ ಅಂಬೆಗಾಲಿಡುತ್ತಿತ್ತು. ತೊಟ್ಟಿಲಿಗೆ ಹಾಕಿದ ದಿನ ಕಟ್ಟಿದ ಕರಿದಾರ ಅದರ ಸೊಂಟದಲ್ಲೂ ಇತ್ತು. ದಿನಾ ನೀರು ಹಾಕುತ್ತಿದ್ದವರು ಅತ್ತೆ, ಸೀರೆ ಮೇಲೆ ಕಟ್ಟಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು. ಒಂದು ಬೆಳಿಗ್ಗೆ ಮೈ ಒರೆಸಲು ಎತ್ತಿಕೊಂಡರೆ ದಾರದ ಕೆಳಗೆ ಕೆಂಪು ಬಳೆ. ಮಗು ಸಣ್ಣ ಉಗುರುಗಳಿಂದ ಅಲ್ಲೇ ಪರಚಿಕೊಳ್ಳುತ್ತಿತ್ತು. ಕತ್ತರಿ ತಂದು ದಾರ ಕತ್ತರಿಸಿ ಬಚ್ಚಲಿಗೆ ಎಸೆದೆ.

"ಅಯ್ಯೋ ಪಾಪಿ, ಹಸುಗೂಸಿನ ಸೊಂಟ ಬರಿದು ಮಾಡ್ಬುಟ್ಯಲ್ಲೇ!" ಎಂದು ಅತ್ತೆ ಬಾಯಿ ಬಡಿದುಕೊಂಡರು.

"ಈ ಮನೇಲಿ ದಾರಕ್ಕಿರೋ ಬೆಲೆ ಚರ್ಮಕ್ಕಿಲ್ವಾ?" ಬೀದಿಗೆಲ್ಲ ಕೇಳುವಂತೆ ಅರಚಿದೆ. "ಯಾರ ಮೈಯಿಂದ ಬಂತು ಇದಕ್ಕೆ? ಹೇಳಿ, ಯಾರ ಮೈಯಿಂದ?"

ಮಗು ನಿದ್ದೆಹೋದ ಮೇಲೆ ಅತ್ತೆ ನನ್ನನ್ನು ಬಚ್ಚಲಮನೆಗೆ ಕರೆದು, ಚಿಲಕ ಹಾಕಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಸೀರೆ ಸಡಿಲಿಸಿದರು. ಸೊಂಟದಿಂದ ತೊಡೆಯವರೆಗೆ ಚರ್ಮ ಎಮ್ಮೆಯ ತೊಗಲಿನಂತೆ ದಪ್ಪಗೆ ಕರಿಕಟ್ಟಿತ್ತು, ಅಂಚುಗಳಲ್ಲಿ ತುರಿಸಿದ ಗಾಯ. ತೊಡೆಯ ಸಂದಿನಲ್ಲಿ ಆ ಟ್ಯೂಬ್ ಹಚ್ಚಿ ಹಚ್ಚಿ ಚರ್ಮ ತೆಳುವಾಗಿ ಸೀಳಿದಂಥ ಗೆರೆಗಳು.

"ಯಾವಾಗಿಂದ ಅತ್ತೆ?"

"ನಿಮ್ ಮಾವ ಇದ್ದಾಗಿಂದ."

"ಯಾಕೆ ಹೇಳ್ಲಿಲ್ಲ?"

"ಯಾರ್ಗೆ ಹೇಳನವ್ವ? ಮಗನ್ಗಾ? ಇಂಥಾ ಜಾಗಾನ ಹೆಂಗ್ ತೋರ್ಸದು?"

ನಾನೇ ಅವರ ಸೀರೆ ಸರಿಮಾಡಿ ಚಿಲಕ ತೆಗೆದೆ. ಸಿಟ್ಟೇನೂ ಇಳಿಯಲಿಲ್ಲ. ನೋಡದೆ ಟ್ಯೂಬ್ ಕೊಟ್ಟವನ ಮೇಲೆ, ಮೈಯ ಅರ್ಧಭಾಗವನ್ನು ಹೆಂಗಸು ಬಾಯಿಬಿಟ್ಟು ಹೇಳಲೇಬಾರದು ಎಂದು ಕಲಿಸಿದವರೆಲ್ಲರ ಮೇಲೆ, ಅದು ಇನ್ನೂ ಜಾಸ್ತಿಯಾಯಿತು.

ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಅತ್ತೆ ಕತ್ತರಿ ಹಿಡಿದು ನಿಂತಿದ್ದರು. "ಬಾರ್ಲಾ ಇಲ್ಲಿ. ಅಂಗಿ ಎತ್ತು."

"ಹೊಸದಾರ ಎಲ್ಲವ್ವ? ಮೊದ್ಲು ಅದನ್ನ ಕಟ್ಟು" ಎಂದರು ಇವರು.

"ಹೊಸದಿಲ್ಲ ಕಣ್ಲಾ." ಕಚಕ್ಕನೆ ಕತ್ತರಿಸಿಯೇಬಿಟ್ಟರು. "ನಾಳೆ ಬಸ್ಸು ಯಾರಾದ್ರೂ ಓಡುಸ್ಲಿ. ಎಲ್ರೂ ಶಿರಾಕ್ಕೆ ಹೋಗನ. ಮಗೀನೂ ತೋರ್ಸನ. ನಾನೂ ಬತ್ತೀನಿ."

"ನೀನ್ಯಾಕವ್ವ?"

ಅತ್ತೆ ಕತ್ತರಿಯನ್ನು ಗೂಡಿನಲ್ಲಿಡಲು ಆ ಕಡೆ ತಿರುಗಿದರು. ಹುಟ್ಟಿದಾಗಿನಿಂದ ಒಂದೇ ಸೂರಿನ ಕೆಳಗಿರುವ ಮಗ ಕೇಳಿದ ಪ್ರಶ್ನೆ ಅದು. ನಾನೇ ಹೇಳಿದೆ, ಯಾವ ಜಾಗ, ಎಷ್ಟು ಕಾಲದಿಂದ ಎಂಬುದನ್ನೆಲ್ಲ, ದನಿ ತಗ್ಗಿಸದೆ.