ಗುಡ್ಡಮ್ಮ ಹೇಳಿದ ಅರ್ಥ

ಗುಡ್ಡಮ್ಮ ಓದಿದ್ದು ತವರೂರು ಜಡೆಯಲ್ಲಿ, ಮೂರನೇ ಕ್ಲಾಸಿನವರೆಗೆ. ಮದುವೆಯಾಗಿ ಶಿಕಾರಿಪುರಕ್ಕೆ ಬಂದವರು ಅಲ್ಲಿನ ಒಂದು ಖಾಸಗಿ ಶಾಲೆಗೆ ಆಯಾ ಆಗಿ ಸೇರಿ ಹದಿನಾಲ್ಕು ವರ್ಷವಾಗಿತ್ತು. ಗಂಟೆ ಹೊಡೆಯುವುದು, ವರಾಂಡ ಗುಡಿಸುವುದು, ಹೊಟ್ಟೆನೋವೆಂದು ಅಳುವ ಮಗುವಿನದು ನಿಜವಾದ ನೋವೋ ಗಣಿತದ ಟೆಸ್ಟೋ ಎಂದು ಮುಖ ನೋಡಿಯೇ ತೀರ್ಮಾನಿಸುವುದು ಅವರ ಕೆಲಸ. ಉಳಿದ ಹೊತ್ತಿನಲ್ಲಿ ಆರನೇ ತರಗತಿಯ ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು.

ಹೋದ ವರ್ಷ ಹೆಡ್‌ಮಾಸ್ಟರ್ ಶಿವಶಂಕರ ಎರಡು ದಿನದ ತರಬೇತಿ ಮುಗಿಸಿ ಬಂದವರೇ ಹೊಸ ನಿಯಮ ತಂದರು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಟೀಚರಾಗಲಿ ಮಕ್ಕಳಾಗಲಿ ಕನ್ನಡದ ಒಂದು ಪದವನ್ನೂ ಆಡಕೂಡದು. ಅರ್ಥವಾಗದ್ದನ್ನು ಅಭಿನಯಿಸಿ ತೋರಿಸಬೇಕು.

ಇಂಗ್ಲಿಷ್ ಕಲಿಸುತ್ತಿದ್ದ ನಯನ ಮಿಸ್ ಶಿರಾಳಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ, ಆದ್ದರಿಂದ ನಿಯಮವನ್ನು ಅಕ್ಷರಶಃ ಪಾಲಿಸಿದರು. ‘ಸ್ಲೀಪ್’, ‘ಈಟ್’ ಸಲೀಸಾಗಿ ಮುಗಿದವು. ಮೂರನೇ ದಿನ ‘ರಿಲಕ್ಟೆಂಟ್’ ಬಂತು. ಮಿಸ್ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು, ನಿಂತರು, ಹಿಂದೆ ಬಂದರು, ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಹೊರಟರು.

“ಬಾತ್‌ರೂಮ್!” ಎಂದ ಲೋಕೇಶ.

“ಲೆಗ್ ಪೇನ್!” ಎಂದಳು ಸುನಿತಾ.

ಮಿಸ್ ಬೆವರುತ್ತ ಆರನೇ ಸಲ ಹೊರಟಾಗ ಗುಡ್ಡಮ್ಮನಿಗೆ ತಡೆಯಲಾಗಲಿಲ್ಲ. “ಹೋಗಾಕೆ ಮನಸಿಲ್ಲ ಕಣ್ರೋ! ತವರಿಂದ ಗಂಡನ ಮನೆಗೆ ಹೊರಟಂಗೆ!”

ತರಗತಿಯೆಲ್ಲ “ಓಹೋ” ಎಂದಿತು. ನಯನ ಮಿಸ್ ಸುತ್ತ ನೋಡಿ ಮೆಲ್ಲಗೆ ಹೌದೆಂದು ತಲೆಯಾಡಿಸಿದರು.

ಅಂದಿನಿಂದ ಅದೇ ಏರ್ಪಾಡಾಯಿತು. ಮಿಸ್ ಅಭಿನಯಿಸುವುದು, ಗುಡ್ಡಮ್ಮ ಹೊರಗಿನಿಂದ ಅರ್ಥ ಹೇಳುವುದು, ಸರಿಯಾದರೆ ಮಿಸ್ ಹೂಂ ಎನ್ನುವುದು, ತಪ್ಪಾದರೆ ಅಡ್ಡಡ್ಡ ತಲೆಯಾಡಿಸುವುದು. ಮನೆಯಲ್ಲಿ ಗಂಡ ರಾಜಪ್ಪನ ಮುಂದೆ ಗುಡ್ಡಮ್ಮ, “ನಾನಿಲ್ದಿದ್ರೆ ಇಂಗ್ಲಿಷ್ ಕ್ಲಾಸೇ ನಡಿಯಾಕಿಲ್ಲ” ಎಂದರೆ ಅವನು ಅನ್ನ ಕಲೆಸುತ್ತಲೇ ನಗುತ್ತಿದ್ದ.

ಎಡವಟ್ಟಾದದ್ದು ‘ಆಂಬಿಷನ್’ ಎಂಬ ಪದದಲ್ಲಿ. ಮಿಸ್ ಮೇಲೆ ನೋಡುತ್ತ, ಎರಡು ಕೈಯಲ್ಲೂ ಏನನ್ನೋ ಹಿಡಿದು ಮೇಲೇರುವಂತೆ ಮಾಡಿದರು. “ತೆಂಗಿನಮರ ಹತ್ತಾದು!” ಎಂದು ಕೂಗಿದ ಗುಡ್ಡಮ್ಮ, ಹೊತ್ತಾಯಿತೆಂದು ಗಂಟೆ ಹೊಡೆಯಲು ಓಡಿದರು. ಮಿಸ್ ಅಡ್ಡಡ್ಡ ತಲೆಯಾಡಿಸಿದ್ದು ಊಟದ ಗಲಾಟೆಯಲ್ಲಿ ಯಾರಿಗೂ ಕಾಣಲಿಲ್ಲ. ಮರುದಿನದಿಂದ ಮಿಸ್ ಜ್ವರ ಬಂದು ಒಂದು ವಾರ ರಜೆ ಹಾಕಿದರು.

ಆ ವಾರವೇ ಟೆಸ್ಟು. ಪೇಪರ್ ತಿದ್ದಲು ಕೂತವರು ಹೆಡ್‌ಮಾಸ್ಟರ್. ಲೋಕೇಶ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದಿದ್ದ: ನಮ್ಮ ಮಾವ ದಿನಕ್ಕೆ ಇಪ್ಪತ್ತು ಆಂಬಿಷನ್ ಮಾಡುತ್ತಾರೆ. ಮಳೆ ಬಂದರೆ ಆಂಬಿಷನ್ ಜಾರುತ್ತದೆ. ಸುನಿತಾ ಇನ್ನೂ ಮುಂದೆ ಹೋಗಿದ್ದಳು: ನನ್ನ ತಾತ ಆಂಬಿಷನ್‌ನಿಂದ ಬಿದ್ದು ಸೊಂಟ ಮುರಿದುಕೊಂಡರು. ಹೆಣ್ಣುಮಕ್ಕಳು ಸೀರೆಯುಟ್ಟು ಆಂಬಿಷನ್ ಮಾಡಬಾರದು.

ಈ ಅರ್ಥ ಹೇಳಿದ್ದು ಯಾರೆಂದು ಹೆಡ್‌ಮಾಸ್ಟರ್ ಮಕ್ಕಳಿಂದ ತಿಳಿದುಕೊಂಡರು. ನಯನ ಮಿಸ್ ರಜೆಯಿಂದ ಬಂದ ದಿನವೇ ಅವರಿಗೂ ಗುಡ್ಡಮ್ಮನಿಗೂ ಕರೆ ಬಂತು.

“ಏನ್ರೀ ಗುಡ್ಡಮ್ಮ, ಕನ್ನಡ ಆಡಬಾರದು ಅಂತ ನಿಯಮ ಇಲ್ವಾ?”

“ಅದು ಮಿಸ್ಸಿಗೆ, ಮಕ್ಕಳಿಗೆ ಸಾರ್. ಗಂಟೆ ಹೊಡಿಯೋಳಿಗೆ ಅಂತ ಎಲ್ಲಿ ಬರ್ದಿದೀರಿ?”

ಹೆಡ್‌ಮಾಸ್ಟರ್ ಪೇಪರುಗಳನ್ನು ಪಕ್ಕಕ್ಕೆ ತಳ್ಳಿದರು. ಸರಿಯಾಗಿ ಅಭಿನಯಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆಂದು ತೋರಿಸಲು ಎದ್ದು ನಿಂತರು. ಎದೆಯ ಮೇಲೆ ಕೈಯಿಟ್ಟರು. ಕಣ್ಣು ಮೇಲೆತ್ತಿದರು. ಉಸಿರು ಬಿಗಿಹಿಡಿದು ಇನ್ನೊಂದು ಕೈಯನ್ನು ದೂರಕ್ಕೆ ಚಾಚಿದರು.

“ಅಯ್ಯೋ ಸಾರ್, ಎದೆನೋವಾ?” ಗುಡ್ಡಮ್ಮ ಅವರ ತೋಳು ಹಿಡಿದು ಕುರ್ಚಿಗೆ ಕೂರಿಸಿದರು. “ಮಿಸ್ಸೇ, ನೀರು ತರ್ರೀ! ಆಟೋ ಕರೀರಿ!”

“ಎದೆನೋವಲ್ಲ ಮಾರಾಯ್ತಿ! ದೊಡ್ಡದೇನೋ ಆಗ್ಬೇಕು ಅನ್ನೋ ಆಸೆ, ಆಸೆ!” ಎಂದು ಹೆಡ್‌ಮಾಸ್ಟರ್ ಕೂಗಿದ್ದು ವರಾಂಡದ ಆಚೆಗೂ ಕೇಳಿಸಿತು.

“ಅಷ್ಟೇಯಾ? ಹಂಗಂತ ಬಾಯ್ಬಿಟ್ಟು ಹೇಳಿದ್ರೆ ಆಗ್ತಿತ್ತಲ್ರೀ!”

ಮರುದಿನ ನಿಯಮ ಬದಲಾಯಿತು. ಅರ್ಥವನ್ನು ಟೀಚರೇ ಒಂದು ಸಲ ಕನ್ನಡದಲ್ಲಿ ಹೇಳಬಹುದು, ಆಮೇಲೆ ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು. ಮಕ್ಕಳಿಗೆ ಹಬ್ಬವಾಯಿತು. ಗುಡ್ಡಮ್ಮನಿಗೆ ಮಾತ್ರ ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡಂತಾಯಿತು. ಸ್ಟೂಲನ್ನು ಎತ್ತಿಕೊಂಡು ಹೋಗಿ ನಲ್ಲಿಯ ಹತ್ತಿರ ಹಾಕಿಕೊಂಡರು. ನಯನ ಮಿಸ್ ಮಾತಾಡಿಸಿದರೆ, “ಕೆಲ್ಸ ಐತೆ” ಎಂದು ಗುಡಿಸಿದ್ದನ್ನೇ ಮತ್ತೆ ಗುಡಿಸಿದರು.

ನಾಲ್ಕು ದಿನ ಹೀಗೇ ಕಳೆಯಿತು. ಐದನೆಯ ದಿನ ‘ಗ್ರ್ಯಾಜುಯಲಿ’ ಬಂತು.

“ಕ್ರಮೇಣ” ಎಂದರು ನಯನ ಮಿಸ್.

“ಕ್ರಮೇಣ ಅಂದ್ರೆ ಯಾರು ಮಿಸ್?” ಎಂದ ಲೋಕೇಶ.

ನಿಘಂಟಿನ ಕನ್ನಡವೂ ಮಕ್ಕಳಿಗೆ ಇಂಗ್ಲಿಷಿನಷ್ಟೇ ದೂರವಿತ್ತು. ಮಿಸ್ ಬಾಗಿಲಿಗೆ ಬಂದು, “ಗುಡ್ಡಮ್ಮ, ಸ್ವಲ್ಪ ಬರ್ರೀ” ಎಂದು ಕರೆದರು. ಗುಡ್ಡಮ್ಮ ಪೊರಕೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬೇಕೆಂದೇ ನಿಧಾನವಾಗಿ ಬಂದರು. ವಿಷಯ ಕೇಳಿದ ಮೇಲೆ ಮಾತ್ರ ಬಿಗುಮಾನ ಉಳಿಯಲಿಲ್ಲ.

“ಒಂದೇ ಏಟಿಗಲ್ಲ, ಸ್ವಲ್ಪ ಸ್ವಲ್ಪವಾಗಿ ಕಣ್ರೋ. ಹೊಸ ಸೊಸಿ ಅತ್ತೆಗೆ ಎದುರುಮಾತಾಡೋದು ಕಲ್ತಂಗೆ!”

ಮಕ್ಕಳು ನಕ್ಕು ನಕ್ಕು ಬರೆದುಕೊಂಡರು. ಈಗ ಗುಡ್ಡಮ್ಮ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಲ್ಲೇ ಕೂರುತ್ತಾರೆ. ಹೆಡ್‌ಮಾಸ್ಟರ್ ಅದನ್ನು ಕಂಡೂ ಕಾಣದಂತೆ ಹೋಗುತ್ತಾರೆ. ಊಟದ ಗಂಟೆ ಮಾತ್ರ ದಿನವೂ ಐದು ನಿಮಿಷ ತಡವಾಗುತ್ತಿದೆಯೆಂದು ಉಳಿದ ತರಗತಿಯವರ ದೂರು.