ನೆಗೆಣ್ಣಿಯ ಹೊಸ ಮಷೀನು

ರಕ್ತ ಪರೀಕ್ಷೆಯ ಹೊಸ ಮಷೀನು ನನ್ನ ಕೈಗೇ ಬರುತ್ತದೆಂದು ಅವತ್ತು ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ನಮ್ಮ ಲ್ಯಾಬಿನ ಡಾಕ್ಟರರು ಅದನ್ನು ಕೊಟ್ಟದ್ದು ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ. ಸೋಲಾಪುರದ ಆ ಲ್ಯಾಬಿಗೆ ಅವಳನ್ನು ಹೇಳಿ ಸೇರಿಸಿದವಳೇ ನಾನು. ನನ್ನ ಪಾಲಿಗೆ ಹಳೆಯದೇ ಉಳಿಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಎರಡರ ಕೆಲಸವೂ ಒಂದೇ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಇಳಿಯುತ್ತದೆ, ಅದನ್ನು ಅಳೆಯಬೇಕು. ತೀರಾ ಸ್ವಲ್ಪ ಇದ್ದರೂ ಹೊಸದು ಹಿಡಿಯುತ್ತದೆಂದು ಕಂಪನಿಯವನು ಹೇಳಿದ್ದ. ಡಾಕ್ಟರರು ನಂಬಲಿಲ್ಲ. ಒಂದೇ ರಕ್ತವನ್ನು ಪಾಲು ಮಾಡಿ ಎರಡರಲ್ಲೂ ಹಾಕಿ ನೋಡೋಣ, ಆಮೇಲೆ ಒಂದನ್ನು ಇಟ್ಟುಕೊಳ್ಳೋಣ ಅಂದರು. ಹಳೆಯದು ಹೋದರೆ ನಾನು ಅವಳ ಕೈಕೆಳಗೆ. ಹಾಗಾಗಿ ಹೊಸದು ಎಲ್ಲಿ ತಪ್ಪುತ್ತದೆಂದು ಕಾಯುತ್ತ ಕೂತೆ.

ಗುರುವಾರ ಅಕ್ಕಲಕೋಟೆಗೆ ಅತ್ತೆಯ ಮನೆಗೆ ಹೋದರೆ ಅಲ್ಲಿಯೂ ಅದೇ ಮಾತು. ಮೊದಲ ಶೇಂಗಾ ಹೋಳಿಗೆಯನ್ನು ಅವಳ ತಾಟಿಗೆ ಹಾಕಿ ಅತ್ತೆ ನೆರೆಯವರಿಗೆ, "ನಮ್ಮ ಸಣ್ಣಾಕಿಗೆ ಪರದೇಶದ ಮಷೀನ್ ಕೊಟ್ಟಾರ್ರಿ" ಅಂದರು. ನಾನು ಮಾಳಿಗೆ ಹತ್ತಿ ಹಪ್ಪಳ ತರುವಷ್ಟರಲ್ಲಿ ಏದುಸಿರು ಬಂತು. ಸಿಟ್ಟಿಗೆ ಅಂದುಕೊಂಡೆ.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅಂಥವರನ್ನು ಹುಡುಕಿಕೊಂಡು ಯಾರು ಹೋಗುತ್ತಾರೆ? ನಮ್ಮಲ್ಲಿ ಪದ್ಧತಿ ಎಂದರೆ ಲ್ಯಾಬಿನವರೇ ಸಾಲಾಗಿ ಕೂತು ತೋಳು ಚಾಚುವುದು. ಊರ ಮಂದಿಯ ರೋಗವನ್ನೆಲ್ಲ ನೋಡುವ ನಾವು ನಮ್ಮ ಬಿಪಿಯನ್ನು ನೋಡಿಕೊಂಡವರಲ್ಲ. ಟ್ಯೂಬುಗಳ ಮೇಲೆ ನಂಬರು ಮಾತ್ರ. ಯಾವುದು ಯಾರದ್ದೆಂದು ಡಾಕ್ಟರರಿಗಷ್ಟೇ ಗೊತ್ತು.

ಆ ಟ್ಯೂಬುಗಳಲ್ಲಿ ಒಂದು ಮಾತ್ರ ತಾಳೆಯಾಗಲಿಲ್ಲ. ನನ್ನ ಮಷೀನು ಏನೂ ಇಲ್ಲವೆಂದಿತು, ಅವಳದ್ದು ಹೆಚ್ಚಿದೆ ಎಂದಿತು. ನನಗೆ ಕುಣಿಯುವಷ್ಟು ಖುಷಿ.

"ನೋಡ್ರಿ ಸಾಹೇಬ್ರ, ಚಲೋ ಇದ್ದವರನ್ನ ಹಾರ್ಟ್ ಪೇಶಂಟ್ ಮಾಡಾಕತ್ತೈತಿ!" ಎಲ್ಲರಿಗೂ ಕೇಳುವಂತೆ ಅಂದೆ. "ರಕ್ತ ಪೂರ್ತಿ ಹೆಪ್ಪುಗಟ್ಟೂ ಮುಂಚೇನ ಇಕಿ ಟ್ಯೂಬು ತಿರುಗಿಸ್ಯಾಳ. ಎಳಿ ಉಳದಾವ, ಅದಕ್ಕ ಖೋಟಾ ಏರೈತಿ."

ಅವಸರದಲ್ಲಿ ಹಾಗೆ ಆಗುವುದೂ ಉಂಟು. ರಕ್ತದ ನೀರನ್ನು ಬೇರೆ ಮಾಡಲು ಟ್ಯೂಬನ್ನು ಗಿರಗಿರ ತಿರುಗಿಸುತ್ತೇವೆ; ಅದರಲ್ಲಿ ಉಳಿದ ಹೆಪ್ಪಿನ ಎಳೆಗಳು ಮಷೀನಿಗೆ ಮೋಸ ಮಾಡುತ್ತವೆ.

"ನಾ ಅವಸರ ಮಾಡಿಲ್ಲಕ್ಕಾ. ಬೇಕಂದ್ರ ಮತ್ತ ತಿರುಗಸ್ತೀನಿ," ಎಂದಳು ನೆಗೆಣ್ಣಿ. ಕಣ್ಣಲ್ಲಿ ನೀರು. ಅದನ್ನು ನೋಡಿ ನನಗೆ ಇನ್ನಷ್ಟು ಹುರುಪು ಬಂತು.

ಎಲ್ಲರ ಎದುರೇ ತಿರುಗಿಸಿ ಹಾಕಿದಳು. ಹೆಚ್ಚೇ ಬಂತು. "ಇನ್ನೊಮ್ಮಿ ಹಾಕು," ಎಂದೆ. ಮತ್ತೂ ಹಾಗೆಯೇ ಬಂತು. ಮತ್ತೆ ಬಾಯಿ ತೆಗೆದೆ.

"ಥಾಂಬಾ, ಥಾಂಬಾ," ಎಂದು ನನ್ನನ್ನು ತಡೆಯುತ್ತ ಡಾಕ್ಟರರು ಕೈ ಎತ್ತಿದರು. ಅವರು ನಂಬರನ್ನಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. "ಬಾಯಾರ, ನಿಮಗ ಮ್ಯಾಲ ಹತ್ತಿದ್ರ ದಮ್ಮು ಬರತೈತೇನ್ರಿ?"

"ಬರತೈತ್ರಿ. ಯಾಕ್ರಿ?"

"ಇದು ನಿಮ್ಮ ರಕ್ತರಿ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಬಿಪಿ ನೋಡಿದರು, ದವಾಖಾನೆಗೆ ಕಳಿಸಿದರು. ಎಷ್ಟೋ ವರ್ಷಗಳಿಂದ ಏರಿಕೊಂಡೇ ಇದ್ದ ಬಿಪಿಗೆ ಹೃದಯದ ಗೋಡೆ ದಪ್ಪಗಾಗಿತ್ತು. ಈಗಲೇ ಗೊತ್ತಾದದ್ದು ಪುಣ್ಯ ಅಂದರು ಅಲ್ಲಿಯವರು. ನೆಗೆಣ್ಣಿ ನನ್ನ ಕೈ ಹಿಡಿದು ನನಗಿಂತ ಹೆಚ್ಚು ಅತ್ತಳು. ಅದಕ್ಕೂ ನನಗೆ ಸಿಟ್ಟು ಬಂತು.

ಹಳೆಯ ಮಷೀನನ್ನು ಟೆಂಪೋದಲ್ಲಿ ಹಾಕಿ ಒಯ್ದರು. ಈಗ ಅಕ್ಕಲಕೋಟೆಯಲ್ಲಿ ಮೊದಲ ಹೋಳಿಗೆ ನನ್ನ ತಾಟಿಗೇ ಬೀಳುತ್ತದೆ, ತುಪ್ಪವಿಲ್ಲದೆ. "ಸಣ್ಣಾಕಿ ಉಳಿಸಿದ ಜೀವ ಐತಿ, ಸಂಭಾಳಿಸಿ ತಿನ್ನವ್ವಾ," ಅನ್ನುತ್ತಾರೆ ಅತ್ತೆ. ಪಕ್ಕದಲ್ಲಿ ಅವಳು ತಲೆ ತಗ್ಗಿಸಿ ನಗುತ್ತಾಳೆ.

ಗುಳಿಗೆ ತಪ್ಪಿಸುವುದಿಲ್ಲ. ಮಾಳಿಗೆ ಹತ್ತಿದರೂ ಈಗ ದಮ್ಮು ಬರುವುದಿಲ್ಲ. ಹೊಟ್ಟೆಯುರಿ ಮಾತ್ರ ಹಾಗೇ ಇದೆ. ಬೇರೆಯವರು ಅವಳ ಕಡೆ ಆಗಿದ್ದರೆ ಸಹಿಸುತ್ತಿದ್ದೆ. ನನ್ನ ಹೃದಯವೇ ಅವಳ ಪರ ಸಾಕ್ಷಿ ಹೇಳಿಬಿಟ್ಟಿತಲ್ಲ.