ತವರಿನ ಸೀರೆ ತಂದ ಕಾಳಯ್ಯ

ಶಾಲೆಗೆ ಬೀಗ ಬಿದ್ದು, ಪರೀಕ್ಷೆಯೇ ಇಲ್ಲದೆ ನಾವೆಲ್ಲ ಪಾಸಾಗಿಬಿಟ್ಟ ಆ ಬೇಸಿಗೆ ನಿಮಗೂ ನೆನಪಿರಬೇಕು. ನಾನಾಗ ಆರನೇ ಕ್ಲಾಸು ಮುಗಿಸಿದ್ದೆ. ರಾಮನಾಥಪುರದ ಹತ್ತಿರದ ನಮ್ಮೂರಿನಲ್ಲಿ ಬೆಳಿಗ್ಗೆ ಹೊಗೆಸೊಪ್ಪಿನ ಸಸಿಗೆ ನೀರು ಹಾಕುವುದು, ಆಮೇಲೆ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಜಗಲಿಯಲ್ಲಿ ಚೌಕಾಬಾರ ಆಡುವುದು, ಇಷ್ಟೇ ಕೆಲಸ. ಅದೂ ಬೇಜಾರಾದರೆ ಪೊಲೀಸ್ ಆಟ. ಒಬ್ಬರು ಮಾಸ್ಕಿಲ್ಲದೆ ಓಡಬೇಕು, ಉಳಿದವರು ಅಟ್ಟಿಸಿಕೊಂಡು ಹೋಗಿ ಹುಣಸೆ ಬರಲಿನಲ್ಲಿ ಬಾರಿಸಬೇಕು. ದೊಡ್ಡವರು ಮೊಬೈಲಿನಲ್ಲಿ ಲಾಠಿ ಏಟಿನ ವಿಡಿಯೋ ನೋಡಿ ಬಿದ್ದು ಬಿದ್ದು ನಗುತ್ತಿದ್ದರು, ನಾವು ಅದನ್ನೇ ಆಡುತ್ತಿದ್ದೆವು. ಕಾಲ ಮೇಲೆಲ್ಲ ಬಾಸುಂಡೆ. ಥೂ, ಅದೆಂಥ ಆಟವೋ!

ಊರ ಬಾಗಿಲಿಗೆ ಜಾಲಿಮುಳ್ಳು ಕಡಿದು ಹಾಕಿದ್ದರು. ಹೊರಗೆ ಹೋದವರು ಮತ್ತೆ ಒಳಗೆ ಕಾಲಿಡುವಂತಿಲ್ಲ ಎಂದು ಮಾರಮ್ಮನ ಗುಡಿಯ ಮುಂದೆ ತೀರ್ಮಾನವಾಗಿತ್ತು. ತೀರ್ಮಾನ ಹೇಳಿದವರು ಊರಗೌಡರಾದ ನನ್ನ ತಾತ. ದೊಣ್ಣೆ ಹಿಡಿದು ಮುಳ್ಳು ಕಾಯುವವರಲ್ಲಿ ನಮ್ಮಪ್ಪನೇ ಮುಂದು.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿ ಏಳಲೇ ಇಲ್ಲ. ಕೊರೊನಾ ಅಲ್ಲ, ವಯಸ್ಸಾಗಿತ್ತು ಅಷ್ಟೆ. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನಿಂದ ಹಸಿರು ಸೀರೆ ಬರಬೇಕು, ಅದನ್ನು ಹೊದಿಸಿಯೇ ಮಣ್ಣು ಮಾಡಬೇಕು. ಸಾವಿನ ಸುದ್ದಿ ಮುಟ್ಟಿಸಿ ಸೀರೆ ತರುವುದು, ಗುಂಡಿ ತೋಡುವುದು, ಎಲ್ಲ ಕುಳವಾಡಿ ಕಾಳಯ್ಯನವರ ಕೆಲಸ. ಸುತ್ತಲ ಊರುಗಳಲ್ಲಿ ಯಾರ ಮಗಳು ಯಾರ ಮನೆ ಸೇರಿದಳು, ಸತ್ತ ಯಾವ ತೊಟ್ಟಿಲ ಮಗು ಯಾವ ಹೊಲದ ಬದುವಿನಲ್ಲಿ ಮಲಗಿದೆ, ಎಲ್ಲ ಅವರ ನಾಲಿಗೆಯ ಮೇಲಿತ್ತು. ನಮ್ಮಪ್ಪನಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನಾವು ಮಕ್ಕಳು ಕೂಡ 'ಲೇ ಕಾಳ' ಎನ್ನುತ್ತಿದ್ದೆವು, ಯಾರೂ ತಿದ್ದುತ್ತಿರಲಿಲ್ಲ.

ನಾನು ಹಿತ್ತಲಿನ ಸೌದೆ ಒಟ್ಟಿಲ ಹಿಂದೆ ಕೂತು ಅಳುತ್ತಿದ್ದೆ. ತಾತ ಕಾಳಯ್ಯನವರನ್ನು ಅಲ್ಲಿಗೇ ಕರೆದುಕೊಂಡು ಬಂದರು.

"ಕಾಲುವೆ ಏರಿ ಮ್ಯಾಲೆ ಓಗ್ಬುಟ್ಟು ಬಾ ಕಾಳ. ತವರ ಸೀರೆ ಇಲ್ದೆ ಅವಳನ್ನ ಎಂಗ್ಲಾ ಮಣ್ಗಿಡ್ಲಿ?"

"ಬುದ್ಧಿ, ಫೋನಲ್ಲಿ ಏಳುದ್ರೆ ಆಗಾಕಿಲ್ವಾ? ವಾಪಸ್ ಊರೊಳಕ್ ಬುಡ್ತಾರಾ ನನ್ನ?"

"ಫೋನಲ್ಲಿ ಏಳಾ ಸುದ್ದೀನೇನ್ಲಾ ಇದು? ನಾನಿಲ್ವಾ? ಓಗು. ಯಾರ್ಗೂ ಏಳ್ಬ್ಯಾಡ."

ಹೊರಡುವಾಗ ಕಾಳಯ್ಯ ನನ್ನನ್ನು ನೋಡಿದರು. "ಅಳಬ್ಯಾಡ ಚಿಕ್ಕವ್ವ, ಬಿರ್ನೆ ಬತ್ತೀನಿ" ಎಂದು ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಹೋದರು.

ಅಜ್ಜಿಯ ತವರೂರಲ್ಲೂ ಮುಳ್ಳು ಹಾಕಿದ್ದರಂತೆ. ಆಚೆ ನಿಂತೇ ಇವರು ಕೂಗಿ ಸುದ್ದಿ ಹೇಳಿದರಂತೆ, ಅವರು ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೇಲಿಯ ಮೇಲಿಂದ ಎಸೆದರಂತೆ. ಅದನ್ನು ಎದೆಗವಚಿಕೊಂಡು ವಾಪಸ್ ಬರುವಷ್ಟರಲ್ಲಿ ಕಾಲುವೆ ಏರಿಗೂ ಕಾವಲು ಬಿದ್ದಿತ್ತು. ಹಿಡಿದವರು ರಟ್ಟೆ ಹಿಡಿದು ಊರ ಬಾಗಿಲವರೆಗೂ ದರದರ ಎಳೆದು ತಂದರು. ಗಲಾಟೆ ಕೇಳಿ ಹೆಣದ ಮುಂದೆ ಕೂತಿದ್ದವರೆಲ್ಲ ಎದ್ದು ಓಡಿದೆವು.

"ಊರ್ಗೇ ರೋಗ ತರಕ್ ಓಗಿದ್ದೇನ್ಲಾ? ಯಾರ್ಲಾ ಕಳ್ಸಿದ್ದು ನಿನ್ನ?" ಅಪ್ಪ ಕೇಳಿದ.

"ಗೌಡ್ರು ಕಣಪ್ಪಾ. ಅವ್ವಾರ ಸೀರೆ..."

ಎಲ್ಲರೂ ತಾತನ ಕಡೆ ತಿರುಗಿದರು. ಒಂದೇ ಒಂದು 'ಊಂ' ಸಾಕಿತ್ತು. ತಾತ ಗಂಟಲು ಸರಿಮಾಡಿಕೊಂಡು, "ತೀರ್ಮಾನ ಏಳ್ದೋನೇ ನಾನು, ನಾನ್ಯಾಕ್ಲಾ ಕಳ್ಸಲಿ? ತವರಿನೋರು ಕೊಡೋ ಅಕ್ಕಿ ಆಸೆಗೆ ಓಗವ್ನೆ" ಎಂದುಬಿಟ್ಟರು.

"ಸುಳ್ಳು! ತಾತನೇ ಕಳ್ಸಿದ್ದು! ನಾನ್ ಕೇಳುಸ್ಕೊಂಡೆ!" ನಾನು ಕಿರುಚಿದೆ.

"ಮಗೀಗೇನ್ ಗೊತ್ತು? ದುಕ್ಕದಲ್ಲಿ ಏನೋ ವದರ್ತದೆ" ಎಂದರು ತಾತ. ಅಪ್ಪ ಕಪಾಳಕ್ಕೆ ಬಿಟ್ಟ. ಕಿವಿ ಗುಂಯ್ ಎಂದಿತು, ತುಟಿ ಒಡೆದು ಬಾಯೆಲ್ಲ ರಕ್ತದ ರುಚಿ. ನಾನು ಸುಮ್ಮನಾದೆ.

ಆಮೇಲೆ ಕಾಳಯ್ಯನವರಿಗೆ ಹೊಡೆದರು. ಮೊದಲು ಬೆನ್ನಿಗೆ, ಬಿದ್ದ ಮೇಲೆ ಮೊಣಕಾಲಿಗೆ. ಮೈಗೆ ಕೈ ತಾಕಿಸಿದರೆ ರೋಗ ಬರುತ್ತದೆಂದು ದೂರ ನಿಂತು ಉದ್ದುದ್ದ ದೊಣ್ಣೆಗಳಲ್ಲಿ ಹೊಡೆದರು, ಹಾವು ಹೊಡೆಯುವ ಹಾಗೆ. ಒಬ್ಬ ಎಣಿಸುತ್ತಿದ್ದ, ಇನ್ನೊಬ್ಬ ವಿಡಿಯೋ ಮಾಡುತ್ತಿದ್ದ. ಕಾಳಯ್ಯ ಸೀರೆಯ ಕವರನ್ನು ಹೊಟ್ಟೆಯಡಿಗೆ ಹಾಕಿಕೊಂಡು ಕವುಚಿ ಮಲಗಿದ್ದರು. ಅದನ್ನು ಕಿತ್ತುಕೊಳ್ಳಲು ಬಲಗೈಯನ್ನೇ ಹುಡುಕಿ ಹುಡುಕಿ ಹೊಡೆದರು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಆಮೇಲೆ ಹೊಗೆಸೊಪ್ಪಿಗೆ ಔಷಧಿ ಹೊಡೆಯುವ ಕ್ಯಾನಿಗೆ ಬ್ಲೀಚಿಂಗ್ ಪೌಡರಿನ ನೀರು ತುಂಬಿ, ಒಡೆದ ತಲೆಯ ಮೇಲೆಯೇ ಬಿಟ್ಟರು. ಆಗ ಅವರು ಕೂಗಿದ ಕೂಗು! ಅಯ್ಯಪ್ಪಾ, ಅದನ್ನು ಬರೆಯಲು ನನ್ನ ಕೈಲಾಗದು. ಸೀರೆಯನ್ನು ದೊಣ್ಣೆಯ ತುದಿಯಲ್ಲಿ ಎತ್ತಿ, ಸೀಮೆಎಣ್ಣೆ ಹಾಕಿ ಸುಟ್ಟರು. ಅಪ್ಪನೇ ಕಡ್ಡಿ ಗೀರಿದ್ದು. ಸ್ವಂತ ತಾಯಿಯ ತವರಿನ ಸೀರೆ ಅದು.

ಸಂಜೆ ಅಜ್ಜಿಗೆ ಹಳೆಯ ಸೀರೆಯೇ ಗತಿಯಾಯಿತು. ಗುಂಡಿ ತೋಡಲು ಕೇರಿಯಿಂದ ಒಬ್ಬರೂ ಬರಲಿಲ್ಲ. ಯಾವತ್ತೂ ತೋಡಿ ಗೊತ್ತಿಲ್ಲದ ಅಪ್ಪ, ಅವನ ಸ್ನೇಹಿತರು ಏದುಸಿರು ಬಿಡುತ್ತ ಸೊಂಟದವರೆಗೂ ಅಗೆದು, ಸಾಕು ಬಿಡು ಎಂದರು. ನಾಯಿ ಕೆದಕದಿರಲಿ ಎಂದು ಮೇಲೆ ಅದೇ ಜಾಲಿಮುಳ್ಳು ಹೇರಿದರು. ಇತ್ತ ಕಾಳಯ್ಯನವರನ್ನು ಅರಕಲಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅವರ ಹೆಂಡತಿ ಎರಡು ಸಲ ಮುಳ್ಳಿನವರೆಗೂ ಬಂದು ಕಾಲು ಹಿಡಿದಳಂತೆ. ಹೋದರೆ ವಾಪಸ್ ಬರುವಂತಿಲ್ಲ ಎಂದು ಕಳಿಸಿದರಂತೆ. ಮುರಿದ ಕೈ ಹಾಗೆಯೇ ಸೊಟ್ಟಗೆ ಕೂಡಿಕೊಂಡಿತು.

ಈಗ ಮುಳ್ಳಿಲ್ಲ, ಮಾಸ್ಕಿಲ್ಲ. ಸಾವಿನ ಸುದ್ದಿ ಒಯ್ಯುವ, ಗುಂಡಿ ತೋಡುವ ಕೆಲಸವನ್ನು ಕಾಳಯ್ಯ ಅವತ್ತೇ ಬಿಟ್ಟರು, ಬಿಟ್ಟಿದ್ದೇ ಒಳ್ಳೆಯದಾಯಿತು. ಗುಂಡಿ ತೋಡಲು ಜೆಸಿಬಿ ಬರುತ್ತದೆ. ಎರಡು ವರ್ಷದ ಹಿಂದೆ ತಾತ ಹೋದಾಗ, ಹೊಳೆನರಸೀಪುರದ ನಮ್ಮತ್ತೆಗೆ ತನ್ನಪ್ಪ ಸತ್ತ ವಿಷಯ ತಿಳಿದದ್ದು ಯಾರದೋ ವಾಟ್ಸಾಪ್ ಸ್ಟೇಟಸ್ಸಿನಿಂದ. ಬಾಗಿಲಲ್ಲಿ ನಿಂತು, ಸತ್ತವರ ಹೆಸರನ್ನೂ ಅವರ ಅಪ್ಪ ಅವ್ವನ ಹೆಸರನ್ನೂ ಹೇಳಿ, ಮನೆಯವರು ಅತ್ತು ಮುಗಿಸುವ ತನಕ ತಲೆತಗ್ಗಿಸಿ ಕಾಯುವ ಮನುಷ್ಯ ನಮ್ಮ ಕಡೆ ಈಗ ಒಬ್ಬರೂ ಇಲ್ಲ.

ಡಿಗ್ರಿಗೆ ಹಾಸನಕ್ಕೆ ಹೊರಡುವ ಮುಂಚೆ ಧೈರ್ಯ ಮಾಡಿ ಕೇರಿಗೆ ಹೋದೆ. ಕಾಳಯ್ಯ ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದರು. "ತಪ್ಪಾಯ್ತು ಕಾಳಯ್ನೋರೆ" ಎಂದೆ, ನಮ್ಮ ಮನೆಯವರೆಲ್ಲರ ಪರವಾಗಿ.

"ನೀನೇನ್ ಮಾಡ್ದೆ ಬುಡವ್ವ. ಅಷ್ಟ್ ಜನ್ದೊಳಗೆ ನೀನೊಬ್ಳೇ ಕೂಗಿದ್ದು. ಕೇಳುಸ್ತು ನಂಗೆ" ಎಂದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು:

"ಇನ್ನೊಂದ್ ಸಲ ಕೂಗ್ತೀಯೇನೋ ಅಂತ ಕಾಯ್ತಾನೇ ಇದ್ದೆ ಕಣವ್ವ."